ಬಿಳಿ ಗೋಡೆಯ ಸಾಕ್ಷಿ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಗೋಡೆ. ಬಣ್ಣದಪ್ಪ ರಜೆ ಮುಗಿಸಿ ಬಂದು ತನ್ನ ಕೋಣೆಯ ಬಾಗಿಲು ತೆರೆದರೆ, ಕಂಪ್ಯೂಟರಿನ ಹಿಂದಿನ ಗೋಡೆ ಹೊಸ ಬಣ್ಣ ಹೊಡೆಸಿಕೊಂಡು ಲಕಲಕ ಎನ್ನುತ್ತಿತ್ತು. ‘ಅಂತೂ ನಮಗೂ ಒಂದು ಕಾಲ ಬಂತು’ ಎಂದುಕೊಂಡು ಕುರ್ಚಿ ಎಳೆದುಕೊಂಡ.

ಬಣ್ಣದಪ್ಪ ಎನ್ನುವುದು ವೀಕ್ಷಣಾಲಯದವರು ಇಟ್ಟ ಹೆಸರು. ಅಲ್ಲಿನ ದೂರದರ್ಶಕದ ಕ್ಯಾಮೆರಾಗೆ ಹಸಿರಿನ ಮೇಲೆ ಅದೇನು ಮೋಹವೋ, ತೆಗೆದ ಆಕಾಶವೆಲ್ಲ ಪಾಚಿ ಕಟ್ಟಿದ ಕೆರೆಯ ಹಾಗೆ ಬರುತ್ತಿತ್ತು. ಅದರಲ್ಲಿ ಬೆಳ್ಳಗಿರಲೇಬೇಕಾದ ಒಂದು ನಕ್ಷತ್ರವನ್ನು ಹಿಡಿದು, ಅದು ಬೆಳ್ಳಗಾಗುವ ತನಕ ಬಣ್ಣ ತಿದ್ದುವುದು ಇವನ ಕೆಲಸ. ಅದೊಂದು ದಾರಿಗೆ ಬಂದರೆ ಮಿಕ್ಕವೆಲ್ಲ ಹಿಂದೆಯೇ ಬರುತ್ತವೆ. ಬಿಳುಪೆಷ್ಟು ಎಂದು ಕಂಪ್ಯೂಟರೇ ಅಂಕಿ ತೋರಿಸುತ್ತಿತ್ತು. “ಅಂಕಿ ನೋಡಿ ಬಣ್ಣ ತಿದ್ದೋದು, ಪುಸ್ತಕ ನೋಡಿ ಅಡುಗೆ ಮಾಡಿದ ಹಾಗೆ” ಎನ್ನುವ ಬಣ್ಣದಪ್ಪ ಮಾತ್ರ ನಕ್ಷತ್ರವನ್ನು ಕಂಪ್ಯೂಟರಿನ ಹಿಂದಿನ ಬಿಳಿ ಗೋಡೆಗೆ ಹೋಲಿಸಿಯೇ ತೀರ್ಪು ಕೊಡುತ್ತಿದ್ದ.

ಸಂಜೆ ಮುಂದಿನ ಹಜಾರದ ಗೋಡೆಗೆ ಆಳೆತ್ತರದ ಆಕಾಶದ ಚಿತ್ರ ಏರಬೇಕಿತ್ತು. ಕೆಳಗೆ ಮೊದಲ ಸಲ ಅವನ ಹೆಸರು. ನೋಡಲು ಅತ್ತೆ ಬರುವವರಿದ್ದರು. ಮದುವೆಯಾದಾಗಿನಿಂದ ಆಕೆ ನೆಂಟರಿಗೆಲ್ಲ, “ನಮ್ಮ ಅಳಿಯಂದ್ರದು ಪೇಂಟಿಂಗ್ ಕೆಲಸ. ಯಾವುದೋ ದೊಡ್ಡ ಕಟ್ಟಡವಂತೆ, ಇನ್ನೂ ಮುಗಿದಿಲ್ಲ” ಎಂದೇ ಹೇಳಿಕೊಂಡು ಬಂದಿದ್ದರು. ಇವತ್ತಾದರೂ ಆಕೆಗೆ ತಿಳಿಯಬೇಕು!

ರಜೆಗೆ ಮುಂಚೆ ತಿದ್ದಿಟ್ಟ ಚಿತ್ರವನ್ನು ಕಡೆಯ ಸಲ ನೋಡೋಣವೆಂದು ತೆರೆದ. ಗೋಡೆಯ ಪಕ್ಕದಲ್ಲಿ ಬಿಳಿ ನಕ್ಷತ್ರ ಹಸಿರಾಗಿ ಕಾಣುತ್ತಿತ್ತು!

ಲೆಕ್ಕದ ಗುಮಾಸ್ತರು ಇಣುಕಿದರು. “ಏನಯ್ಯಾ, ನಿನ್ನ ನಕ್ಷತ್ರ ಬಸ್ಸಲ್ಲಿ ವಾಂತಿ ಬಂದೋರ ಮುಖ ಇದ್ದ ಹಾಗಿದೆ?”

ಟೈಪಿಸ್ಟ್ ಅಕ್ಕ ಅವರ ಭುಜದ ಮೇಲಿಂದ ನೋಡಿದರು. “ಸ್ವಲ್ಪ ಕೆಂಪು ಕೊಡು ತಮ್ಮಾ, ಕಳೆ ಬರುತ್ತೆ.”

ಕೊಟ್ಟ. “ಇನ್ನೊಂಚೂರು” ಅಂದರು. ಇನ್ನೊಂಚೂರು ಕೊಟ್ಟ. ಕೊನೆಗೆ ನಕ್ಷತ್ರವೂ ಗೋಡೆಯೂ ಅಕ್ಕತಂಗಿಯರಂತೆ ಕಂಡವು. ದೊಡ್ಡದಾಗಿ ಅಚ್ಚು ಹಾಕಿಸಿದ.

ಮಧ್ಯಾಹ್ನ ಹಜಾರದಲ್ಲಿ ಎತ್ತಿ ಹಿಡಿದಾಗ ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. “ಏನ್ರೀ ಇದು? ನಕ್ಷತ್ರಗಳೆಲ್ಲ ನಾಚಿಕೊಂಡಿವೆ!”

“ನನ್ನ ಕೋಣೆ ಗೋಡೆ ಮುಂದೆ ಸರಿಯಾಗೇ ಇದೆ ಸಾರ್. ಬೇಕಾದ್ರೆ ಬಂದು ನೋಡಿ.”

ಅವರು ಬಂದರು, ನೋಡಿದರು, “ಹೌದಲ್ರೀ!” ಎಂದು ಗಲ್ಲ ಕೆರೆದುಕೊಳ್ಳುತ್ತಾ ಹೋದರು.

ಬಣ್ಣದಪ್ಪ ತಲೆ ಮೇಲೆ ಕೈಹೊತ್ತು ಕೂತಿರುವಾಗ ಪೇಂಟರ್ ತನ್ನ ಏಣಿ ಒಯ್ಯಲು ಬಂದ. “ಹೆಂಗೈತೆ ಸಾರ್ ಗೋಡೆ? ಬರೀ ಬಿಳಿ ಹೊಡೆದ್ರೆ ಆಸ್ಪತ್ರೆ ಥರ ಇರುತ್ತೆ ಅಂತ ಒಂದ್ ತೊಟ್ಟು ಗುಲಾಬಿ ಬೆರೆಸ್ದೆ. ಯಾರಿಗೂ ಗೊತ್ತಾಗಲ್ಲ ಬಿಡಿ.”

“ಅಯ್ಯೋ ಪುಣ್ಯಾತ್ಮಾ!” ಬಣ್ಣದಪ್ಪನಿಗೆ ಅವನನ್ನು ಹೊಡೆಯಬೇಕೋ ತಬ್ಬಬೇಕೋ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಂಕಿಗಳನ್ನು ತೆರೆದು ನೋಡಿದ. ಹಳೆಯ ಚಿತ್ರವೇ ಕರಾರುವಾಕ್ಕು! “ಪೇಂಟರ್, ನಿರ್ದೇಶಕರು ಕರೀತಿದ್ದಾರೆ” ಎಂದು ಹೊರಗೆ ಯಾರೋ ಕೂಗಿದ್ದೂ ಅವನ ಕಿವಿಗೆ ಬೀಳಲಿಲ್ಲ. ಹಳೆಯ ಚಿತ್ರವನ್ನು ಅಚ್ಚು ಹಾಕಿಸಿ, ಬಟ್ಟೆ ಮುಚ್ಚಿ ಹಜಾರಕ್ಕೆ ಕಳಿಸಿ, ತಲೆ ಬಾಚಿಕೊಂಡ.

ಸಂಜೆ ಎಲ್ಲರೆದುರು ಬಟ್ಟೆ ಸರಿಯಿತು. ಆಕಾಶ ಪಾಚಿ ಕಟ್ಟಿ ನಿಂತಿತ್ತು.

ನಿರ್ದೇಶಕರು ಅವನ ಕಿವಿಯಲ್ಲಿ ಹಲ್ಲು ಕಡಿದರು. “ಚಿತ್ರ ಯಾಕ್ರೀ ಬದಲಾಯಿಸಿದ್ರಿ? ನಿಮ್ಮ ಮಾತು ನಂಬಿ, ನಿಮ್ಮ ಕೋಣೆ ಬಣ್ಣಾನೇ ಈ ಗೋಡೆಗೂ ಹೊಡೆಸಿದೀನಿ!”

ಅಷ್ಟರಲ್ಲಿ ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅಳಿಯನ ಹೆಸರು ಓದಿದರು. ಗೋಡೆಯನ್ನು ಮೆಲ್ಲಗೆ ಸವರಿ, ಬೆರಳಿಗೆ ಹತ್ತಿದ ಹಸಿ ಬಣ್ಣ ನೋಡಿ ಕಣ್ಣರಳಿಸಿದರು.

“ಎಂಥಾ ನಯ, ಎಂಥಾ ಹದ! ಅಂತೂ ಮುಗಿಸಿದ್ರಲ್ಲ ಅಳಿಯಂದ್ರೇ. ಆ ಹಸಿರು ಚಿತ್ರ ನೇತುಹಾಕಿದೋನು ಯಾರೋ ಏನೋ, ನಿಮ್ಮ ಗೋಡೆ ಅಂದಾನೆಲ್ಲ ಕೆಡಿಸಿಬಿಟ್ಟ!”