ಎಳೆಯುವುದೇನೋ ಎಳೆಯುತ್ತದೆ

ಜಂಬುನಾಥರನ್ನು ನಾನು ಮೊದಲು ಕಂಡದ್ದು ಒಂದು ಬಾಳೆಗೊನೆಯ ಹಿಂದೆ. ಬಾಗಿಲು ತೆರೆದಾಗ ಎದುರಿಗೆ ಗೊನೆ ನಿಂತಿತ್ತು. ಅದರ ಕೆಳಗೆ ಎರಡು ಕಾಲು ಕಂಡವು. ಗೊನೆ ಕೆಳಗಿಳಿದ ಮೇಲೆ ಮನುಷ್ಯರು ಕಂಡರು.

“ನಮಸ್ಕಾರ್ರಿ ಮೇಷ್ಟ್ರೇ. ಬಾಜೂ ಮನಿಗೆ ಹೊಸದಾಗಿ ಬಂದೀವಿ. ಇದನ್ನ ಇಟ್ಕೋರ್ರಿ,” ಎಂದರು.

ಕಮಲಾಪುರದಲ್ಲಿ ಇಂಥ ನೆರೆಹೊರೆ ಸಿಕ್ಕಿತಲ್ಲ ಎಂದು ನಾನು ಕರಗಿಹೋದೆ. ಮರುದಿನ ಇನ್ನೊಂದು ಗೊನೆ ಬಂತು. ಅದರ ಮರುದಿನ ಅವರ ಪತ್ನಿ ಹೇಮಾವತಿ ಎರಡು ಚಿಪ್ಪು ಹಣ್ಣು ತಂದು ಕಾಂಪೌಂಡ್ ಗೋಡೆಯ ಮೇಲಿಟ್ಟು, ನಾನು ಬೇಡವೆನ್ನುವುದರೊಳಗೆ ಮಾಯವಾದರು. ಇದು ಔದಾರ್ಯವಲ್ಲ, ಸಂಕಟ ಎಂಬುದು ಆಗ ತಿಳಿಯಿತು.

ಸಂಕಟದ ಹೆಸರು ಯಲ್ಲೇಶ್. ಹೇಮಾವತಿಯ ತಮ್ಮ, ಟ್ರ್ಯಾಕ್ಟರಿನ ಒಡೆಯ.

ಜಂಬುನಾಥರು ಸಂಡೂರಿನ ಒಂದು ಗಣಿಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಅದಿರು ಪುಡಿ ಮಾಡುವ ಯಂತ್ರದ ಪಕ್ಕದ ಕೋಣೆಯಲ್ಲೇ ಅವರ ಸೇವಾವಧಿ ಮುಗಿದಿತ್ತು. ನಿವೃತ್ತಿಯ ನಂತರ ಅವರಿಗೆ ಉಳಿದ ಆಸೆ ಎರಡೇ: ಒಂದು ಬಾಳೆತೋಟ, ಮತ್ತು ಯಾವ ಸದ್ದೂ ಇಲ್ಲದ ಬದುಕು. (ಮನೆಯಲ್ಲಿ ಮಿಕ್ಸಿ ತಿರುಗಿದರೆ ಹಿತ್ತಲಿಗೆ ಹೋಗಿ, ಚಟ್ನಿ ನುಣ್ಣಗಾದ ಮೇಲೆಯೇ ಒಳಗೆ ಬರುತ್ತಿದ್ದರು.) ತೋಟ ಸಿಕ್ಕಿತು. ಸುಗಂಧಿ ಬಾಳೆ ಸೊಗಸಾಗಿ ಬಂತು. ಅದನ್ನು ಹೊಸಪೇಟೆಯ ಮಾರುಕಟ್ಟೆಗೆ ಮುಟ್ಟಿಸುವ ಭಾರ ಮಾತ್ರ ಯಲ್ಲೇಶನ ಟ್ರ್ಯಾಕ್ಟರಿನ ಮೇಲೆ ಬಿತ್ತು.

“ನಾಳೆ ಮುಂಜಾನೆ ಬಂದ್ಬಿಡ್ತೀನಿ ಮಾವ,” ಎಂದು ಯಲ್ಲೇಶ್ ಫೋನಿನಲ್ಲಿ ಹೇಳುತ್ತಿದ್ದ. ಮುಂಜಾನೆ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ, ಟ್ರ್ಯಾಕ್ಟರ್ ಇಲ್ಲದೆ ಬರುತ್ತಿದ್ದ. ಅಕ್ಕನ ಕೈಯ ರೊಟ್ಟಿ, ಎಣ್ಣೆಗಾಯಿ ಹೊಗಳಿ ಹೊಗಳಿ ಉಂಡು, “ಟ್ರ್ಯಾಕ್ಟರ್ ಅರ್ಜೆಂಟ್ ಕೆಲಸದ ಮ್ಯಾಲೆ ಐತಿ ಮಾವ, ನಾಳೆ ಪಕ್ಕಾ,” ಎಂದು ಹೋಗುತ್ತಿದ್ದ. ಅಷ್ಟರಲ್ಲಿ ಗಿಡದ ಮೇಲೆಯೇ ಗೊನೆ ಹಳದಿಯಾಗಿ, ಬೀದಿಯ ಪಾಲಾಗುತ್ತಿತ್ತು.

ಕಿಡಿ ಹೊತ್ತಿದ್ದು ಹೇಮಾವತಿಯ ತವರುಮನೆಯಲ್ಲಿ, ಒಂದು ಸೀಮಂತದ ಪಂಕ್ತಿಯಲ್ಲಿ. ಯಲ್ಲೇಶ್ ಬಡಿಸುತ್ತ ಬಡಿಸುತ್ತ ಎಲ್ಲರ ಎದುರಿಗೆ ಅಂದ: “ನಮ್ಮ ಟ್ರ್ಯಾಕ್ಟರ್ ಇಲ್ಲಂದ್ರ ಮಾವನ ಬಾಳಿಹಣ್ಣೆಲ್ಲ ಹಂಪಿ ಮಂಗ್ಯಾಗಳಿಗೆ ನೈವೇದ್ಯ ನೋಡ್ರಿ.”

ಪಂಕ್ತಿ ನಕ್ಕಿತು. ಹೇಮಾವತಿಯೂ ನಕ್ಕರು. ಸಣ್ಣ ನಗು, ಆದರೆ ಜಂಬುನಾಥರ ಕಣ್ಣಿಗೆ ಬಿತ್ತು. ಅವರು ಎಲೆಯ ಮುಂದೆ ನೆಟ್ಟಗೆ ಕೂತು ಘೋಷಿಸಿದರು:

“ಬರೋ ಕಟಾವಿಗೆ ನನ್ನ ಹಣ್ಣು ನನ್ನ ಗಾಡಿಯಾಗ ಹೊಸಪೇಟಿ ಮುಟ್ಟತಾವ. ನಿನ್ನ ಟ್ರ್ಯಾಕ್ಟರ್ ಇನ್ನೊಂದು ಸಲ ನಮ್ಮ ತೋಟದ ಮಣ್ಣು ತುಳೀತಂದ್ರ ನನ್ನ ಹೆಸರು ಜಂಬುನಾಥ ಅಲ್ಲ.”

ಮಾತು ಹೊರಬಿದ್ದಾಗಿತ್ತು. ಇನ್ನು ಗಾಡಿ ಬೇಕಾಗಿತ್ತು.

ಆ ಗಾಡಿ ಅವರ ಹಳೆಯ ಗಣಿಯ ಗುಜರಿ ಅಂಗಳದಲ್ಲಿತ್ತು. ದುಂಡು ಮೂಗಿನ, ಉಬ್ಬುಗಣ್ಣಿನ, ಅಜ್ಜನ ಕಾಲದ ಪೆಟ್ರೋಲ್ ಪಿಕಪ್. ಮೂಲ ಬಣ್ಣ ಹಸಿರು ಎಂದು ಬಲ್ಲವರು ಹೇಳುತ್ತಿದ್ದರು. ಕಂಡವರಿಗೆ ಅದಿರಿನ ಕೆಂಪೇ ಕಾಣುತ್ತಿತ್ತು. ಅದು ಮನೆಯ ಮುಂದೆ ಬಂದು ನಿಂತಾಗ ಹೇಮಾವತಿ ಸೆರಗಿಗೆ ಕೈ ಒರಸುತ್ತ ಬಾಗಿಲಿಗೆ ಬಂದರು.

“ಏನ್ರೀ ಇದು?”

“ಪಿಕಪ್.”

“ಯಾವ ಕಾಲದ್ದು?”

“ಗಟ್ಟಿ ಕಾಲದ್ದು. ಇಂಥ ತಗಡು ಈಗ ಎಲ್ಲಿ ಸಿಗತೈತಿ?”

“ಓಡ್ತೈತೇನು?”

“ಓಡಾದು ಮುಖ್ಯ ಅಲ್ಲ ಹೇಮಾ. ಎಳೀಬೇಕು. ಹಿಂದ ಟ್ರೇಲರ್ ಕಟ್ಟಿದ್ರ ಎಳೀಬೇಕು.”

“ಸದ್ಯ ಇದನ್ನ ಬ್ಯಾರೆ ಗಾಡಿ ಎಳಕೊಂಡು ಬಂದೈತಿ,” ಎಂದು ಹೇಮಾವತಿ ಒಳಗೆ ಹೋದರು.

ಆ ದಿನ ಅವರು ಕೇಳಿದ ‘ಓಡ್ತೈತೇನು’ ಎಂಬ ಪ್ರಶ್ನೆಯನ್ನು ಮುಂದೆ ಯಾರೂ ಕೇಳಲಿಲ್ಲ. ಈ ಕಥೆ ಸಾಧ್ಯವಾದದ್ದೇ ಅದರಿಂದ.

ಹೊಸಪೇಟೆಯ ಮೆಕ್ಯಾನಿಕ್ ಪಕೀರಪ್ಪ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅವನು ನಿರಾಶೆಯನ್ನು ಕಂಡರಿಯದ ಮನುಷ್ಯ.

“ಪೆಟ್ರೋಲ್ ಇಂಜಿನ್ ತಗದು ಒಗೀರಿ ಸಾರ್. ಭಾಳ ಕುಡೀತೈತಿ, ಕೆಲಸ ಮಾಡಂಗಿಲ್ಲ. ಡೀಸೆಲ್ ಕುಂದ್ರಸ್ತೀನಿ. ಮಸ್ತ್ ಇಂಜಿನ್ ಐತಿ ನಮ್ಮತ್ರ.”

“ಟ್ರೇಲರ್ ಎಳೀತೈತಾ?”

“ಎಳೀತೈತಿ.”

“ಲೋಡ್ ಇದ್ರೂ?”

“ಹೊಸಪೇಟಿ ಜಂಬುನಾಥ ಗುಡ್ಡ ತಂದು ಹಿಂದ ಕಟ್ರಿ. ಎಳೀತೈತಿ.”

ಆ ಇಂಜಿನ್ನು ಪಾಪಿನಾಯಕನಹಳ್ಳಿಯ ಕಡೆ ಒಂದು ಕಲ್ಲು ಕ್ರಷರಿನಲ್ಲಿ ಜನರೇಟರ್ ತಿರುಗಿಸುತ್ತಿದ್ದದ್ದು. ಜೀವಮಾನವಿಡೀ ಒಂದೇ ಶೆಡ್ಡಿನಲ್ಲಿ, ಒಂದೇ ವೇಗದಲ್ಲಿ, ಕದಲದೆ ದುಡಿದದ್ದು. ಅದಕ್ಕೆ ಬಲವಿತ್ತು, ನಿಷ್ಠೆಯಿತ್ತು. ಊರು ಸುತ್ತುವ ಚಪಲ ಮಾತ್ರ ಇರಲಿಲ್ಲ. ಈ ಸ್ವಭಾವವಿಶೇಷವನ್ನು ಪಕೀರಪ್ಪ ಹೇಳಲಿಲ್ಲ, ಜಂಬುನಾಥರೂ ಕೇಳಲಿಲ್ಲ. (ಪೆಟ್ರೋಲ್ ಗಾಡಿಯನ್ನು ಡೀಸೆಲ್ ಎಂದು ಸಾರಿಗೆ ಕಚೇರಿಯಲ್ಲಿ ಬರೆಯಿಸಿದ ಕಥೆಯನ್ನು ಬಿಟ್ಟಿದ್ದೇನೆ. ಅದು ಹಾಸ್ಯದ ಜಾತಿಗೆ ಸೇರಿದ್ದಲ್ಲ.)

ಶಸ್ತ್ರಚಿಕಿತ್ಸೆ ಮನೆಯಂಗಳದಲ್ಲೇ ನಡೆಯಿತು. ಗೇರ್ ಬಾಕ್ಸು ತುಳಸಿಕಟ್ಟೆಯ ಪಕ್ಕ ಕೂತಿತು. ಹೋಳಿಗೆಯ ಹಿಟ್ಟು ಕಲಸುವ ಪರಾತದಲ್ಲಿ ಕರಿ ಆಯಿಲ್ ತುಂಬಿತು. ಒಂದು ಬೆಳಿಗ್ಗೆ ಒಗ್ಗರಣೆಯ ಹೊತ್ತಿಗೆ ಅಡಿಗೆಮನೆಯಿಂದ ದನಿ ಬಂತು.

“ಏನ್ರೀ, ಸಾಸಿವಿ ಡಬ್ಬಿಯಾಗ ನಟ್ಟು ಬೋಲ್ಟು ಯಾಕ ಹಾಕೀರಿ?”

“ಕಳದು ಹೋಗಬಾರ್ದಂತ.”

“ಸಾಸಿವಿ ಎಲ್ಲೈತಿ?”

ಜಂಬುನಾಥರು ತುಸು ಯೋಚಿಸಿದರು. “ಅದು ಕಳದು ಹೋತು.”

ಹೊಸ ಇಂಜಿನ್ನು ಎತ್ತರವಾಗಿತ್ತು. ಬಾನೆಟ್ ಮುಚ್ಚಲಿಲ್ಲ. ಗಾಡಿ ತುಂಗಭದ್ರೆಯ ದಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯ ಹಾಗೆ ಕಾಣತೊಡಗಿತು. “ಗಾಳಿ ಆಡ್ತೈತಿ ಬಿಡ್ರಿ, ಇಂಜಿನ್ ತಂಪಿರ್ತೈತಿ,” ಎಂದು ಪಕೀರಪ್ಪ ಅದನ್ನೂ ಗುಣದ ಲೆಕ್ಕಕ್ಕೆ ಸೇರಿಸಿದ.

ಪರೀಕ್ಷೆಗೆಂದು ಹಿತ್ತಲಿನ ಹುಣಸೆಯ ಬೊಡ್ಡೆಗೆ ಸರಪಳಿ ಕಟ್ಟಿದರು. ಎಷ್ಟೋ ವರ್ಷಗಳಿಂದ ಕೊಡಲಿಗೂ ಬಗ್ಗದ ಬೊಡ್ಡೆ ಅದು. ಇಂಜಿನ್ ಒಮ್ಮೆ ಗುಡುಗಿ, ಕರಿ ಹೊಗೆ ಬಿಟ್ಟು, ಒಂದು ಮಾರು ಮುಂದೆ ಸರಿಯಿತು. ಬೊಡ್ಡೆ ಬೇರುಸಹಿತ ಮೇಲೆದ್ದಿತು. ಅಡಿಗೆ ಅದರ ಬೇರು ಹೊಕ್ಕಿದ್ದ ಬಟ್ಟೆ ಒಗೆಯುವ ಕಲ್ಲೂ ಜೊತೆಗೆ ಎದ್ದಿತು.

“ನೋಡಿದ್ಯಾ ಹೇಮಾ, ಎಳೀತೈತಿ.”

“ನೋಡಿದೆ. ನಾಳೆಯಿಂದ ಬಟ್ಟಿ ನೀವು ಎಲ್ಲಿ ಒಗೀತೀರಂತ ನೋಡ್ತೀನಿ.”

ಗಾಡಿ ಸಿದ್ಧವಾಗುವವರೆಗೆ ಬಾಳೆ ಕಾಯಲಿಲ್ಲ. ತೋಟದಲ್ಲಿ ಗೊನೆಗಳು ಒಂದೊಂದಾಗಿ ಹಳದಿಗೆ ತಿರುಗಿದವು. ಯಲ್ಲೇಶನ ಫೋನು ಬಂತು: “ಬರ್ಲೇನು ಮಾವ?” ಜಂಬುನಾಥರು “ಬ್ಯಾಡ” ಎಂದು ಫೋನಿಟ್ಟರು. “ಈಗೇನು ಅವನ್ನ ಕರದ್ರ ನಿಮ್ಮ ಕಿರೀಟ ಬೀಳತೈತೇನು?” ಎಂದು ಹೇಮಾವತಿ ಕೇಳಿದರು. ಕಿರೀಟವಲ್ಲ, ಹೆಸರೇ ಬೀಳುವುದಿತ್ತು. ಇಡೀ ಬಳಗದ ಎದುರು ಆಡಿದ ಮಾತು. ಆ ವಾರ ಹಣ್ಣು ಸ್ವಂತ ಗಾಡಿಯಲ್ಲಿ ಹೊಸಪೇಟೆ ಮುಟ್ಟದಿದ್ದರೆ ಮುಂದಿನ ಪಂಕ್ತಿಯಲ್ಲಿ ಅವರು ಎಲೆಯ ಮುಂದೆ ತಲೆ ಎತ್ತುವಂತಿರಲಿಲ್ಲ.

ಅಂತೂ ಒಂದು ಬೆಳಿಗ್ಗೆ ಗೊನೆಗಳೆಲ್ಲ ಪಿಕಪ್ಪಿನ ಹಿಂದೆ ಕಟ್ಟಿದ ಟ್ರೇಲರ್ ಏರಿದವು. ಜಂಬುನಾಥರು ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ಕುಂಕುಮವಿಟ್ಟು ಸ್ಟಿಯರಿಂಗ್ ಹಿಡಿದರು. ಹೇಮಾವತಿ ಪಕ್ಕದಲ್ಲಿ ಕೂತರು. ಬೀದಿಗೆ ಬೀದಿಯೇ ಹೊರಬಂದು ನಿಂತಿತ್ತು. ಇಂಜಿನ್ ಗುಡುಗಿತು. ಬೇವಿನ ಮರದ ಕಾಗೆಗಳು ಊರು ಬಿಟ್ಟವು. ಗಾಡಿ ಹೊರಟಿತು.

ಮೊದಲ ಗೇರಿನಲ್ಲಿ ಹೊರಟಿತು. ಎರಡನೆಯ ಗೇರಿಗೆ ಹಾಕಿದರು. ಸದ್ದು ಬದಲಾಯಿತು, ವೇಗ ಬದಲಾಗಲಿಲ್ಲ. ಮೂರನೆಯದಕ್ಕೆ ಹಾಕಿದರು. ಜಂಬುನಾಥರು ಆಕ್ಸಿಲರೇಟರಿನ ಮೇಲೆ ಪಾದವಿಟ್ಟು, ಆಮೇಲೆ ದೇಹದ ಭಾರವನ್ನೆಲ್ಲ ಇಟ್ಟರು. ಇಂಜಿನ್ನು ತನ್ನ ಶೆಡ್ಡಿನ ಶಿಸ್ತು ಮರೆತಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಒಂದೇ ವೇಗ. ಉಂಡ ಮೇಲೆ ಅಡ್ಡಾಡಲು ಹೊರಟ ಹಿರಿಯರ ವೇಗ ಅದು.

ಊರ ಹೊರಗೆ ಸೊಪ್ಪು ಮಾರುವ ಊರಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದಿದ್ದಳು. “ಜಂಬಣ್ಣ, ಕುಂದ್ರತೀನಪ,” ಎಂದು, ಗಾಡಿ ನಿಲ್ಲಿಸುವ ತೊಂದರೆ ಕೊಡದೆ, ನಡೆಯುತ್ತಲೇ ಟ್ರೇಲರ್ ಹತ್ತಿದಳು. ಸ್ವಲ್ಪ ದೂರದಲ್ಲಿ ಇಳಿದಳು. ನಲ್ಲಿಯಲ್ಲಿ ನೀರು ಕುಡಿದು, ಗುರುತಿನವರೊಬ್ಬರ ಮಗಳ ಬಾಣಂತನ ವಿಚಾರಿಸಿ, ಮತ್ತೆ ಹತ್ತಿದಳು.

ಹೇಮಾವತಿ ಕಿಟಕಿಯಿಂದ ಹಿಂದಕ್ಕೆ ನೋಡಿದರು. ಬಸ್ಸು, ಆಟೋ, ಪ್ರವಾಸಿಗರ ಕಾರು, ಕಬ್ಬಿನ ಲಾರಿ, ಎಲ್ಲವೂ ಸಾಲುಗಟ್ಟಿ ಹಾರ್ನ್ ಹಾಕುತ್ತಿದ್ದವು.

“ಓಡ್ತೈತೇನು ಅಂತ ಕೇಳಿದ್ದೆ ನಾನು,” ಎಂದರು.

ಜಂಬುನಾಥರು ರಸ್ತೆಯನ್ನು ನೋಡುತ್ತಿದ್ದರು. ನೋಡಲು ಬೇಕಾದಷ್ಟು ಸಮಯವಿತ್ತು.

ಅನಂತಶಯನಗುಡಿಯ ಹತ್ತಿರ ರಸ್ತೆಯೇ ಕಟ್ಟಿಹೋಗಿತ್ತು. ಮದುವೆಯ ಮೆರವಣಿಗೆಯೊಂದು ನಿಂತಿತ್ತು. ಬಿಸಿಲಲ್ಲಿ ಬಾಸಿಂಗ ಕಟ್ಟಿಕೊಂಡ ವರ, ಕೈಗಡಿಯಾರ ನೋಡುತ್ತಿರುವ ಹೆಣ್ಣಿನ ತಂದೆ, ಆಳೆತ್ತರದ ಸ್ಪೀಕರುಗಳನ್ನು ಹೇರಿದ ಡಿಜೆ ಟ್ರೇಲರು. ಅದರ ಮುಂದೆ ಕ್ಲಚ್ಚು ಸುಟ್ಟುಕೊಂಡ ಒಂದು ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಕೆಳಗಿನಿಂದ ಗ್ರೀಸು ಮೆತ್ತಿದ ಮುಖ ಹೊರಗೆ ಬಂತು. ಯಲ್ಲೇಶ್.

ಬಾಳೆ ಹೊರಲು ಬಾರದ ಟ್ರ್ಯಾಕ್ಟರಿನ ‘ಅರ್ಜೆಂಟ್ ಕೆಲಸ’ ಯಾವುದೆಂದು ಜಂಬುನಾಥರಿಗೆ ಅಂದು ತಿಳಿಯಿತು.

ಯಲ್ಲೇಶ್ ಒಮ್ಮೆ ಮಾವನನ್ನು ನೋಡಿದ, ಒಮ್ಮೆ ಗಾಡಿ ಬರುತ್ತಿರುವ ಗತಿಯನ್ನು ನೋಡಿದ. ಅವನ ಮುಖ ಬೆಳಗಿತು.

“ಮಾವ, ಕೈ ಮುಗೀತೀನಿ. ಈ ಡಿಜೇನ ಮಂಟಪದ ತನಕ ಎಳೀರಿ. ಮುಹೂರ್ತ ಹತ್ರ ಬಂದೈತಿ.”

“ನನ್ನ ಹಣ್ಣು?”

“ಹಣ್ಣಿನ ಹಿಂದ ಇದನ್ನ ಕಟ್ಟೋಣ.”

ಇಡೀ ಬಳಗದ ಎದುರು ತನ್ನನ್ನು ಅಣಕಿಸಿದವನು ಇಡೀ ದಿಬ್ಬಣದ ಎದುರು ಕೈ ಮುಗಿದಿದ್ದ. ಜಂಬುನಾಥರು ಆ ಸುಖವನ್ನು ಬೇಗ ಮುಗಿಸಲಿಲ್ಲ. ನಿಧಾನವಾಗಿ ಇಳಿದು, ಕೊಂಡಿ ನೋಡಿ, ಸ್ಪೀಕರು ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: “ಎಳೀತೈತಿ.”

ಎಳೆಯಿತು. ವರನನ್ನು ಪಿಕಪ್ಪಿನ ಮೇಲೆ ಹತ್ತಿಸಿದರು. ಹಿಂದೆ ಬಾಳೆಯ ಟ್ರೇಲರು, ಅದರ ಹಿಂದೆ ಡಿಜೆ. ಕುಣಿಯುವವರ ಹೆಜ್ಜೆಗೂ ಗಾಡಿಯ ಗತಿಗೂ ಕೂದಲೆಳೆಯ ಅಂತರವಿರಲಿಲ್ಲ. ಬ್ರೇಕು ಒತ್ತಬೇಕಿಲ್ಲ, ಕ್ಲಚ್ಚು ತುಳಿಯಬೇಕಿಲ್ಲ, ಜಗ್ಗಾಟವಿಲ್ಲ. ಕುಣಿದು ದಣಿದವರ ಕೈಗೆ ಪಕ್ಕದಲ್ಲೇ ಮಾಗಿದ ಸುಗಂಧಿ ಸಿಗುತ್ತಿತ್ತು. ಊರಮ್ಮ ಮೇಲೆ ಕೂತು ಚಿಪ್ಪು ಮುರಿದು ಮುರಿದು ಹಂಚಿದಳು. ಹೇಮಾವತಿ ಒಂದೆರಡು ಸಲ ಬೇಡವೆಂದರು. ಡಿಜೆಯ ಸದ್ದಿನಲ್ಲಿ ಅದು ಅವರಿಗೇ ಕೇಳಿಸಲಿಲ್ಲ.

ಮಂಟಪ ಮುಟ್ಟಿದಾಗ ಮುಹೂರ್ತ ಉಳಿದಿತ್ತು. ಬಾಳೆ ಉಳಿದಿರಲಿಲ್ಲ. ಗೊನೆಯ ಬರಿಯ ದಿಂಡುಗಳು ಮಾತ್ರ ಸ್ವಂತ ಗಾಡಿಯಲ್ಲಿ ಹೊಸಪೇಟೆಯನ್ನು ಪ್ರವೇಶಿಸಿದವು.

ಆ ಮದುವೆಗೆ ಬಂದವರೆಲ್ಲ ಗಾಡಿಯ ಮುಂದೆ ಫೋಟೋ ತೆಗೆಸಿಕೊಂಡಿದ್ದರು. ಫೋಟೋಗಳು ಊರೂರು ತಿರುಗಿದವು. ಈಗ ಜಂಬುನಾಥರಿಗೆ ಲಗ್ನಗಳ ಕಾಲದಲ್ಲಿ ಪುರುಸೊತ್ತೆಂಬುದಿಲ್ಲ. ಕಂಪ್ಲಿಯವರು ಕರೆಯುತ್ತಾರೆ, ದರೋಜಿಯವರು ಕರೆಯುತ್ತಾರೆ. ಸಂಡೂರಿನವರು ಕರೆದರೆ ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ತಲೆಗೆ ರೇಷ್ಮೆ ರುಮಾಲು, ಎರಡೂ ಕಿವಿಗೆ ಹತ್ತಿ. ಮುಂದೆ ಯಲ್ಲೇಶ್ ಕೈಬೀಸುತ್ತ ದಾರಿ ಬಿಡಿಸುತ್ತಾನೆ, ಬುಕಿಂಗೆಲ್ಲ ಅವನದೇ. ಮೆರವಣಿಗೆಯ ಗೋಜು ತಪ್ಪಿದ ಟ್ರ್ಯಾಕ್ಟರು ಹೇಳಿದ ಹೊತ್ತಿಗೆ ತೋಟಕ್ಕೆ ಬಂದು, ಅಲ್ಲಿಯ ಮಣ್ಣು ತುಳಿದು, ಬಾಳೆ ಹೇರಿಕೊಂಡು ಮಾರುಕಟ್ಟೆಗೆ ಹೋಗುತ್ತದೆ. ಹೇಮಾವತಿಯೇ ನಿಂತು ಹೇರಿಸುತ್ತಾರೆ. ನಮ್ಮ ಮನೆಗೆ ಗೊನೆ ಬರುವುದು ನಿಂತಿದೆ.

ಮೊನ್ನೆ ಕಂಪ್ಲಿಯ ಕಡೆಯ ಇಬ್ಬರು ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿದರು.

“ಡಿಜೆ ಮಾವನ ಮನಿ ಯಾವುದ್ರಿ?”

“ಯಾರು, ಜಂಬುನಾಥರೇ?” ಎಂದು ಕೇಳಿದೆ.

“ಆ ಹೆಸರಿನೋರು ಯಾರೂ ಗೊತ್ತಿಲ್ರಿ ನಮಗ.”

ಗೋಡೆಯ ಆಚೆ ಜಂಬುನಾಥರು ಹೊಸ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕಿವಿಯ ಹತ್ತಿಯನ್ನು ತೆಗೆದು, ನನ್ನ ಕಡೆ ನೋಡದೆ, ಒದ್ದೆ ಕೈ ಮೇಲೆತ್ತಿದರು.

“ನಾನೇ, ಬರ್ರಿ. ಯಾವತ್ತೈತಿ ಲಗ್ನ?”