ಪರದೆ ಬಾರದ ಭಾನುವಾರಗಳು

ನಮ್ಮ ಸೋದರತ್ತೆಯ ಪ್ರಕಾರ ಕಂಪ್ಯೂಟರಿಗೆ ಪರದೆ ಎಂದರೆ ಮದುವೆಮನೆಗೆ ಬ್ಯಾಂಡ್‌ಸೆಟ್ ಇದ್ದ ಹಾಗೆ. ಇದ್ದರೆ ಒಂದಿಷ್ಟು ಗದ್ದಲ. ಇಲ್ಲದಿದ್ದರೆ ತಾಳಿ ಕಟ್ಟುವುದೇನೂ ನಿಲ್ಲುವುದಿಲ್ಲ! ನೀವು ನಂಬುವುದಿಲ್ಲ, ನಾನೂ ನಂಬಿರಲಿಲ್ಲ. ಆದರೆ ಭದ್ರಾವತಿಯ ಅವಳ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ಒಂದಕ್ಷರ ಹೆಚ್ಚುಕಡಿಮೆಯಾದರೂ ಅತ್ತೆ ಕೆಂಪು ಪೆನ್ನು ತರುತ್ತಾಳೆ.

ಅತ್ತೆ ಬಹುಕಾಲ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಊರೆಲ್ಲ ಕಾರ್ಖಾನೆಯ ಸೈರನ್ನಿಗೆ ಎದ್ದರೆ ಅವಳ ಬೀದಿ ಟೈಪ್‌ರೈಟರುಗಳ ಟಕ್ ಟಕ್ ಸದ್ದಿಗೆ ಏಳುತ್ತಿತ್ತು. ರಜೆಗೆಂದು ಹೋದ ನನ್ನನ್ನೂ ಅವಳು ಬಿಡಲಿಲ್ಲ. ಕೈ ಕಾಣದಂತೆ ಬೆರಳುಗಳ ಮೇಲೆ ಟವೆಲ್ ಹೊದಿಸಿ ಕೂರಿಸುತ್ತಿದ್ದಳು.

“ಅತ್ತೆ, ಅಕ್ಷರ ಕಾಣಲ್ಲ.”

“ಊಟ ಮಾಡೋವಾಗ ಬಾಯಿ ಎಲ್ಲಿದೆ ಅಂತ ಕನ್ನಡಿ ನೋಡ್ಕೊಂತೀಯೇನೋ?”

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಅವಳು ಹೊರಗಿನ ತಪ್ಪು ಹಿಡಿಯುತ್ತಿದ್ದಳು. “ಕಿಟಕಿ ಹತ್ರ ಕೂತಿರೋನೇ, ನಿನ್ನ ಕಿರುಬೆರಳು ನಿದ್ದೆ ಮಾಡ್ತಿದೆ!” ಕಿಟಕಿಯ ಬಳಿಯ ಹುಡುಗ ಬೆಚ್ಚಿಬಿದ್ದು ಕಿರುಬೆರಳನ್ನು ಎಬ್ಬಿಸುತ್ತಿದ್ದ. ಮನೆಗೆ ಲಗ್ನಪತ್ರಿಕೆ ಬಂದರೆ ಅರಿಶಿನದ ಬೊಟ್ಟಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದಳು. ಒಮ್ಮೆ ಹುಡುಗಿಯ ಅಪ್ಪ ಕೈಮುಗಿದು ಕೇಳಿದರು: “ಅಮ್ಮಾ, ಮದುವೆ ನಾಳೇನೇ. ಈ ಒಂದ್ಸಲ ಪಾಸ್ ಮಾಡಿಬಿಡಿ!”

ಕಾಲಕ್ರಮದಲ್ಲಿ ಟೈಪ್‌ರೈಟರುಗಳು ಗುಜರಿಗೆ ಹೋದವು. ಅವಳ ಒಬ್ಬನೇ ಮಗ ಬಿಡಿಭಾಗ ತಂದು ಒಂದು ಕಂಪ್ಯೂಟರ್ ಜೋಡಿಸಿ, ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟ. “ಅಮ್ಮಾ, ಇದು ಒಬ್ಬರ ಆಸ್ತಿ ಅಲ್ಲ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು,” ಎಂದ. ಅತ್ತೆಯ ಕಿವಿ ನಿಮಿರಿತು. “ತಿದ್ದಬಹುದಾ?” ಅಂದಿನಿಂದ ಅವಳು ಲಿನಕ್ಸಿನ ಪರಮಭಕ್ತೆ. ಅದಕ್ಕೆ ಟೈಪ್ ಮಾಡಿ ಕೊಡಬೇಕಾದ ಆದೇಶಗಳನ್ನು ಸ್ತೋತ್ರದಂತೆ ಬಾಯಿಪಾಠ ಮಾಡಿದಳು. ಮಗ ತನ್ನ ಆಟಗಳಿಗೆಂದು ಅದೇ ಪೆಟ್ಟಿಗೆಗೆ ಪರದೆಗೆ ಚಿತ್ರ ಕಳಿಸುವ ಒಂದು ದಪ್ಪ ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸಿದ್ದ. ತಾಯಿ ತಿದ್ದುತ್ತಿದ್ದಳು, ಮಗ ಆಡುತ್ತಿದ್ದ.

ಕಳೆದ ವರ್ಷ ಅವನು ಹೋದ. ಬೆಳಿಗ್ಗೆ ಕಚೇರಿಗೆ ಹೊರಟವನು ಹೊಸ್ತಿಲ ಬಳಿ ಕೂತ, ಏಳಲಿಲ್ಲ. ಆ ದಿನ ನಾನು ಅಲ್ಲಿಯೇ ಇದ್ದೆ. ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಅನುಕಂಪದ ಆಧಾರದ ಮೇಲೆ ಅವನ ಹೆಂಡತಿಗೆ ಕೆಲಸ ಸಿಕ್ಕಿತು. ಆದರೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಉಳಿಯುವುದಿಲ್ಲ. ಕೆಲಸ ಹೋದರೆ ಆ ಇಬ್ಬರು ಹೆಂಗಸರ ಮನೆಯೂ ನಡೆಯುವುದಿಲ್ಲ. ಇನ್ನು ಈ ಸೊಸೆಯೋ! ಒಂದಕ್ಷರ ಒತ್ತಿ ಪರದೆ ನೋಡುವಳು. ತಪ್ಪು ಕಂಡರೆ ಅಳಿಸುವಳು, ಅಳಿಸುವ ಭರದಲ್ಲಿ ಸರಿಯಿದ್ದದ್ದನ್ನೂ ಅಳಿಸುವಳು. ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಾಲು ಅಳಿಸಿರುತ್ತಿದ್ದಳು. ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದುಹೋಗುವಳು.

ಪರೀಕ್ಷೆಗೆ ಎರಡು ಮೂರು ತಿಂಗಳಿದ್ದಾಗ ಅತ್ತೆ ಫೋನ್ ಮಾಡಿದಳು. “ಪರದೆ ಬರ್ತಿಲ್ಲ ಮಾರಾಯ. ಭಾನುವಾರ ಬಾ.”

ಶಿವಮೊಗ್ಗದ ವಿದ್ಯಾನಗರದಿಂದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಫ್ಯಾನು ತಿರುಗುತ್ತಿದೆ, ಕ್ಯಾಪ್ಸ್‌ಲಾಕ್ ಒತ್ತಿದರೆ ಪುಟ್ಟ ದೀಪ ಹತ್ತಿ ಆರುತ್ತಿದೆ. ಅಂದರೆ ಯಂತ್ರಕ್ಕೆ ಜೀವವಿದೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಕಪ್ಪಾಗುತ್ತಿದೆ. ನಾನು ಕಾರ್ಡನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಪೆಟ್ಟಿಗೆಯ ಬೆನ್ನು ಗೋಡೆಗೆ ಅಂಟಿಕೊಂಡಂತಿತ್ತು. ಹಿಂದಿನ ವೈರು ನೋಡೋಣವೆಂದು ಬಗ್ಗಿದರೆ ಅತ್ತೆ ತಡೆದಳು.

“ವೈರ್ ನಾನು ಹಾಕ್ತೀನಿ. ನಿನಗೆ ಬಗ್ಗಕ್ಕೆ ಹೊಟ್ಟೆ ಅಡ್ಡ ಬರುತ್ತೆ.”

ನಿಜವಾದ ಮಾತು, ಒಪ್ಪಿಕೊಂಡೆ. ಪರದೆ ಮಾತ್ರ ಬರಲಿಲ್ಲ.

ಮುಂದಿನ ಭಾನುವಾರದೊಳಗೆ ಶಿವಮೊಗ್ಗದ ಸವಳಂಗ ರಸ್ತೆಯ ಕಂಪ್ಯೂಟರ್ ಅಂಗಡಿಯವನೊಬ್ಬನನ್ನು ವಿಚಾರಿಸಿದೆ. “ಅಣ್ಣ, ಲಿನಕ್ಸ್‌ಗೂ ಆ ಕಾರ್ಡಿಗೂ ಆಗಿಬರಲ್ಲ. ಅತ್ತೆ ಸೊಸೆ ಇದ್ದಂಗೆ,” ಎಂದು ನಕ್ಕು, ಕಾರ್ಡನ್ನು ನಡೆಸುವ ತಂತ್ರಾಂಶ ತೆಗೆದು ಮತ್ತೆ ಹಾಕುವ ಆದೇಶಗಳನ್ನು ಬರೆದುಕೊಟ್ಟ. ಪರದೆಯೇ ಇಲ್ಲದೆ ಇವನ್ನು ಟೈಪ್ ಮಾಡುವುದು ಹೇಗೆ? ಅತ್ತೆ ಕುರ್ಚಿ ಎಳೆದುಕೊಂಡಳು. ಕಪ್ಪು ಗಾಜಿನ ಕಡೆ ನೋಡಲೂ ಇಲ್ಲ. ಕಿಟಕಿಯಾಚೆ ನೋಡುತ್ತಾ ಹೆಸರು ಹೊಡೆದಳು, ಪಾಸ್‌ವರ್ಡ್ ಹೊಡೆದಳು, ನಾನು ಓದಿದ್ದನ್ನೆಲ್ಲ ಹೊಡೆದಳು.

“ಈಗ ಹೌದೋ ಅಲ್ವೋ ಅಂತ ಕೇಳ್ತಿರುತ್ತೆ. ಹೌದು ಅಂದಿದೀನಿ. ಈಗ ರೀಸ್ಟಾರ್ಟ್.”

ಯಂತ್ರ ನಿಜಕ್ಕೂ ನಿಟ್ಟುಸಿರಿಟ್ಟು ನಿಂತು, ಮತ್ತೆ ಶುರುವಾಯಿತು! ಕುರುಡು ಕತ್ತಲೆಯಲ್ಲಿ ಅದು ಅವಳ ಮಾತು ಕೇಳುತ್ತಿತ್ತು. ಪರದೆ ಮಾತ್ರ, ಊಹೂಂ.

“ಪರದೆ ಬರೋ ತನಕ ಇವಳ ಅಭ್ಯಾಸ ನಿಲ್ಲೋದು ಬೇಡ,” ಎಂದು ಅತ್ತೆ ಸೊಸೆಯನ್ನು ಅದೇ ಕಪ್ಪು ಗಾಜಿನ ಮುಂದೆ ಕೂರಿಸಿದಳು. ಒಂದು ಕೀ ಒತ್ತಿದರೆ ಬರೆಯುವ ಪುಟ ತೆರೆಯುವಂತೆ ಮಗ ಹಿಂದೆಯೇ ಮಾಡಿಟ್ಟಿದ್ದ. ಅತ್ತೆ ಪಕ್ಕದಲ್ಲಿ ಕೂತು ಗಟ್ಟಿ ದನಿಯಲ್ಲಿ ಓದಿ ಹೇಳುವಳು: “ಮಾನ್ಯರೇ, ಅಲ್ಪವಿರಾಮ. ತಮ್ಮ ಪತ್ರ ಕೈಸೇರಿತು, ಪೂರ್ಣವಿರಾಮ.” ಸೊಸೆ ಒತ್ತುತ್ತಾ ಹೋಗುವಳು. ಬರೆದದ್ದನ್ನು ಅತ್ತೆ ನೋಡದೆಯೇ ಆದೇಶ ಹೊಡೆದು ಪೆನ್‌ಡ್ರೈವಿಗೆ ಹಾಕುವುದು, ನಾನು ಅದನ್ನು ಶಿವಮೊಗ್ಗಕ್ಕೆ ಒಯ್ದು ಪ್ರಿಂಟ್ ಹಾಕಿಸಿ ತರುವುದು, ಅತ್ತೆ ಕೆಂಪು ಪೆನ್ನು ಹಿಡಿಯುವುದು. ಮೊದಲ ಹಾಳೆ ಹೋಳಿ ಹಬ್ಬದ ಅಂಗಿಯಂತಿತ್ತು. ಬರಬರುತ್ತಾ ಹಾಳೆಗಳು ಬೆಳ್ಳಗಾಗತೊಡಗಿದವು.

ಅದೊಂದು ಭಾನುವಾರ ಸೊಸೆ ಹಾಲು ತರಲು ಹೋಗಿದ್ದಳು. ಅತ್ತೆ ಸ್ನಾನಕ್ಕೆ ಹೋಗಿದ್ದಳು. ನಾನು ಹೊಟ್ಟೆಯನ್ನು ಹೇಗೋ ಒಪ್ಪಿಸಿ ಪೆಟ್ಟಿಗೆಯ ಹಿಂದೆ ಬಗ್ಗಿದೆ. ಮಾನಿಟರಿನ ವೈರು ಸಿಕ್ಕಿಸಲು ಅಲ್ಲಿ ಎರಡು ಜಾಗ ಇದ್ದವು. ಕೆಳಗಿನದು ಗ್ರಾಫಿಕ್ಸ್ ಕಾರ್ಡಿನದು, ಖಾಲಿ. ಮೇಲಿನದು ಮದರ್‌ಬೋರ್ಡ್ ಎಂಬ ಮೂಲ ಹಲಗೆಯದು. ಕಾರ್ಡ್ ಇರುವಾಗ ಈ ಮೇಲಿನ ಜಾಗದಿಂದ ಪರದೆಗೆ ಏನೂ ಬರುವುದಿಲ್ಲ. ವೈರು ಅಲ್ಲಿತ್ತು, ಅಲುಗಾಡದಂತೆ ತಿರುಪು ಬಿಗಿದು!

“ಅದನ್ನ ಮುಟ್ಟಬೇಡ.”

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅತ್ತೆ ಬಾಗಿಲಲ್ಲಿ ನಿಂತಿದ್ದಳು.

“ನೀನೇನಾ ಇದನ್ನ ಮಾಡಿದ್ದು?”

“ಮತ್ತೆ ದೆವ್ವ ಮಾಡುತ್ತಾ? ಪರದೆ ಕಂಡ್ರೆ ಅವಳು ತಪ್ಪು ನೋಡ್ತಾಳೆ, ತಪ್ಪು ಕಂಡ್ರೆ ಅಲ್ಲೇ ನಿಲ್ತಾಳೆ. ಬೆರಳಿಗೆ ಒಂದ್ಸಲ ದಾರಿ ಗೊತ್ತಾಗ್ಲಿ. ಆಮೇಲೆ ಹತ್ತು ಪರದೆ ಇದ್ರೂ ಹೆದರಲ್ಲ.”

“ಬಾಯಲ್ಲೇ ಹೇಳಬಹುದಿತ್ತಲ್ಲ ಅತ್ತೆ!”

“ಏನಂತ ಹೇಳ್ಲೋ? ಕಣ್ಮುಚ್ಕೋ ಅಂತ ಹೇಳ್ಲಾ? ಕಣ್ಮುಚ್ಚಿದ್ರೆ ಅವಳಿಗೆ ಏನ್ ಕಾಣುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.”

ವೈರಿನಿಂದ ಕೈ ತೆಗೆದು ಎದ್ದು ನಿಂತೆ. ಆಮೇಲೆ ನಾನು ಕೇಳಿದೆ, “ಹಾಗಾದ್ರೆ ನನ್ನನ್ನ ಯಾಕೆ ಕರೆಸಿದೆ?”

“ರಿಪೇರಿ ನಡೀತಿದೆ ಅಂತ ಅವಳಿಗೆ ಕಾಣ್ಬೇಕಲ್ಲ? ನೀನು ಬಂದ್ರೆ ಸರಿಹೋಗಲ್ಲ ಅನ್ನೋ ಧೈರ್ಯದ ಮೇಲೆ ಕರೆಸಿದೆ ಮಾರಾಯ!”

ನನ್ನ ಮೇಲೆ ಇಷ್ಟು ಭರವಸೆಯನ್ನು ಈವರೆಗೆ ಯಾರೂ ಇಟ್ಟಿರಲಿಲ್ಲ. ಆಮೇಲಿನ ಭಾನುವಾರಗಳಲ್ಲೂ ಹೋಗಿ, ರಬ್ಬರು ಉಜ್ಜಿ, ತಲೆ ಕೆರೆದು, ಶ್ರದ್ಧೆಯಿಂದ ಸೋತು ಬಂದೆ. “ಇವರ ಅಣ್ಣನ ಮಗನಿಗೆ ಕಂಪ್ಯೂಟರ್ ಬರಲ್ವಂತೆ,” ಎಂದು ಪಕ್ಕದ ಮನೆಯವರು ಆಡಿಕೊಂಡರೆಂದೂ ಕೇಳಿದೆ. ಆಡಿಕೊಳ್ಳಲಿ!

ಪರೀಕ್ಷೆ ಶಿವಮೊಗ್ಗದಲ್ಲಿತ್ತು. ಸೊಸೆ ಒಳಗೆ ಹೋದಳು. ಅತ್ತೆ ಹೊರಗಿನ ಕಟ್ಟೆಯ ಮೇಲೆ, ಕಿಟಕಿಯತ್ತ ಕಿವಿಯಿಟ್ಟು ಕೂತಳು. ಕೀಲಿಮಣೆಗಳ ಸದ್ದು ಶುರುವಾದಾಗ ನಾನು ಅವಳ ಕೈ ನೋಡಿದೆ. ಮಡಿಲಲ್ಲಿದ್ದ ಚೀಲದ ಮೇಲೆ ಬೆರಳುಗಳು ಹತ್ತೂ ಆಡುತ್ತಿದ್ದವು. ಹೊರಬಂದ ಸೊಸೆ ಒಂದೇ ಮಾತು ಹೇಳಿದಳು. “ಎಲ್ಲೂ ನಿಲ್ಲಿಸಲಿಲ್ಲ ಅತ್ತೆ.”

ಪಾಸಾದಳು. ಕೆಲಸ ಉಳಿಯಿತು.

ಫಲಿತಾಂಶ ಬಂದ ವಾರ ಅತ್ತೆ ನನಗೆ ಫೋನಿನಲ್ಲಿ ಪಿಸುಗುಟ್ಟಿದಳು. “ಇನ್ನು ಬಂದು ವೈರ್ ಸರಿಯಾಗಿ ಹಾಕ್ಬಿಡು.” ಹೋದೆ. ಅತ್ತೆ ಒಳಗೆ ಕಾಫಿ ಸೋಸುತ್ತಿದ್ದಳು. ನಾನು ಪೆಟ್ಟಿಗೆಯ ಹಿಂದೆ ಕೈಹಾಕಿದಾಗ ಸೊಸೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಅಣ್ಣ, ಅದು ಅಲ್ಲೇ ಇರ್ಲಿ.”

ನಾನು ಬೆಪ್ಪಾಗಿ ಅವಳನ್ನು ನೋಡಿದೆ.

“ಮೊದಲನೇ ದಿನವೇ ಗೊತ್ತಿತ್ತು ನನಗೆ. ಅತ್ತೆ ಆ ವೈರ್ ಹಾಕೋವಾಗ ಟಾರ್ಚ್ ಹಿಡ್ಕೊಂಡಿದ್ದವಳು ನಾನೇ ಅಲ್ವಾ?”

“ಮತ್ತೆ ಯಾಕಮ್ಮ ಸುಮ್ಮನಿದ್ದೆ?”

“ನಮ್ಮನೆಯವರು ಹೋದ ಮೇಲೆ ಈ ಮನೇಲಿ ಮಾತೇ ಇರಲಿಲ್ಲ ಅಣ್ಣ. ಉಂಡ್ಯಾ, ಮಲಗು, ಇಷ್ಟೇ. ಪರದೆ ಹೋದ ಮೇಲೆ ಅತ್ತೆ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಕ್ಕೆ ಶುರು ಮಾಡಿದ್ರು. ಪರದೆ ಬಂದ್ರೆ ಎದ್ದು ಹೋಗ್ತಾರೆ.”

“ಬಂತೇನೋ?” ಎಂದು ಒಳಗಿನಿಂದ ಅತ್ತೆ ಕೂಗಿದಳು.

“ಇಲ್ಲ ಅತ್ತೆ, ನನ್ನ ಕೈಲಿ ಆಗ್ತಿಲ್ಲ,” ಎಂದೆ.

ಅತ್ತೆ ಕಾಫಿಯ ಲೋಟಗಳೊಂದಿಗೆ ಬಂದಳು. ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಲೋಟಗಳನ್ನಿಟ್ಟು, ಕುರ್ಚಿ ಎಳೆದು ಸೊಸೆಯ ಪಕ್ಕದಲ್ಲಿ ಕೂತಳು. ಸೊಸೆ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದಳು. ಓದಿ ಹೇಳಲು ಅತ್ತೆಯ ಕೈಯಲ್ಲಿ ಪುಸ್ತಕವಿರಲಿಲ್ಲ. ಕಪ್ಪು ಗಾಜನ್ನೇ ನೋಡುತ್ತಾ ಶುರು ಮಾಡಿದಳು.

“ಅವನಿಗೆ ಮಾತು ಬಂದಿದ್ದು ತಡ, ಪೂರ್ಣವಿರಾಮ. ಮೊದಲು ಅಮ್ಮ ಅನ್ನಲಿಲ್ಲ, ಅಲ್ಪವಿರಾಮ, ಟಕ್ ಟಕ್ ಅಂದ, ಪೂರ್ಣವಿರಾಮ.”

ಸೊಸೆಯ ಬೆರಳುಗಳು ಎಲ್ಲೂ ನಿಲ್ಲಲಿಲ್ಲ.