ಜಾಂಬಿಯಾದ ಗಣಿಗೆ ಕೆನ್ಮೋರ್‌ನಲ್ಲಿ ಆಯುಧಪೂಜೆ

ನನ್ನ ಮೊಮ್ಮಗಳು ಸಿರಿ ಗಣಿ ಕಟ್ಟಿದಳು! ಹನ್ನೊಂದು ವರ್ಷದ ಹುಡುಗಿ ಆಫ್ರಿಕಾದ ಜಾಂಬಿಯಾ ದೇಶದ ತಾಮ್ರದ ಗಣಿಯನ್ನು ಅಮೆರಿಕದ ಕೆನ್ಮೋರ್‌ನಲ್ಲಿ ಮಗಳ ಮನೆಯ ಊಟದ ಮೇಜಿನ ಮೇಲೆ ತಂದಿಟ್ಟಳು. ಅದು ಮುಗಿಯುವವರೆಗೂ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಉಂಡೆವು. ಗಣಿಗಾಗಿ ಜಾಗ ಬಿಟ್ಟುಕೊಟ್ಟ ಸಂತ್ರಸ್ತರು ನಾವು!

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಬದುಕಿಡೀ ಸಂಡೂರಿನಿಂದ ಹೊಸಪೇಟೆಗೆ ಅದಿರಿನ ಲಾರಿ ಓಡಿಸಿದವನು. ಬೇರೆ ಮಕ್ಕಳಾಗಿದ್ದರೆ ಒಂದು ಗುಂಡಿ ಮಾಡಿ ಇದೇ ಗಣಿ ಎನ್ನುತ್ತಿದ್ದರು. ಸಿರಿ ಗುಂಡಿಯನ್ನು ಮೂಲೆಗೆ ತಳ್ಳಿ, ಅದನ್ನು ನಡೆಸುವವರನ್ನೆಲ್ಲ ಮುಂದಕ್ಕೆ ತಂದಿದ್ದಳು. ದೂರದ ಬಂದರಿಗೆ ತಾಮ್ರ ಒಯ್ಯುವ ಲಾರಿಗಳು, ರೈಲು, ಅಣೆಕಟ್ಟಿನಿಂದ ಕರೆಂಟು ತರುವ ಕಂಬಗಳು, ಡೀಸೆಲ್ ಟ್ಯಾಂಕು, ಗ್ಯಾರೇಜು. ಕ್ಯಾಂಟೀನಿನ ಮುಂದೆ ಉಗುರಿನಷ್ಟು ಪುಟ್ಟ ಅಡುಗೆಯಮ್ಮ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು. ಲಾರಿಯವನನ್ನು ಗಣಿಯ ಮಾದರಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

ಆ ಕಡೆಯ ಗಣಿಗಳಲ್ಲಿ ನೀರು ಜಿನುಗುತ್ತಲೇ ಇರುತ್ತದಂತೆ. ಅದಕ್ಕೇ ಸಿರಿ ಗುಂಡಿಗೆ ಹನಿ ಹನಿ ನೀರು ಬಿಡುವ ಬಾಟಲಿ ಕಟ್ಟಿ, ಆ ನೀರನ್ನು ಎತ್ತಿಹಾಕಲು ಪುಟ್ಟ ಪಂಪು ಇಟ್ಟಿದ್ದಳು. ಪಂಪಿಗೂ ಕ್ಯಾಂಟೀನಿನ ದೀಪಕ್ಕೂ ಬ್ಯಾಟರಿಯ ಕರೆಂಟು ಬರುವುದು ಆ ಕಂಬಗಳ ವೈರಿನಿಂದಲೇ. ಮರುದಿನ ಶಾಲೆಯಲ್ಲಿ ಪ್ರದರ್ಶನ. ಅಲ್ಲಿ ಗೆದ್ದರೆ ಸಿಯಾಟಲ್‌ನ ದೊಡ್ಡ ಪ್ರದರ್ಶನಕ್ಕೆ ಹೋಗಬಹುದು.

"ಅಜ್ಜಾ, ಪ್ಲೀಸ್, ಡೋಂಟ್ ಟಚ್ ಎನಿಥಿಂಗ್" ಎಂದು ಹೇಳಿ ಅವಳು ಅಮ್ಮನ ಜೊತೆ ಈಜಿನ ಕ್ಲಾಸಿಗೆ ಹೋದಳು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ಪಾಲಿಸುವುದೇ ಕಷ್ಟ.

ಏಕೆಂದರೆ ಅಂದು ಆಯುಧಪೂಜೆ! ಅಳಿಯನ ಕಾರಿಗೆ ಬೆಳಿಗ್ಗೆಯೇ ಪೂಜೆ ಆಗಿತ್ತು. ಮಿಕ್ಸಿಗೂ ಕುಂಕುಮ ಬಿದ್ದಿತ್ತು. ಪೂಜೆ ಕಾಣದೆ ನಿಂತವು ಜಾಂಬಿಯಾದ ಲಾರಿಗಳು ಮಾತ್ರ.

"ಮುಟ್ಟಬ್ಯಾಡ ಅಂದಾಳ ಕೂಸು" ಎಂದಳು ನನ್ನ ಹೆಂಡತಿ ಶಾಂತವ್ವ.

"ಮುಟ್ಟೂದಿಲ್ಲ. ಬರೇ ಪೂಜಿ ಮಾಡ್ತೀನಿ."

"ಮುಟ್ಟದ ಪೂಜಿ ಹೆಂಗ ಮಾಡ್ತೀರಿ?"

"ನೀ ಸುಮ್ನ ಕರ್ಪೂರ ತಾ."

ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಕರ್ಪೂರ ಬೆಳಗಿದೆ. ಅಡುಗೆಯಮ್ಮನಿಗೂ ಒಂದು ಬೊಟ್ಟಿಟ್ಟೆ. ಉಳಿದದ್ದು ಗಾಲಿಯ ಕೆಳಗಿನ ನಿಂಬೆಹಣ್ಣು. ಅದಿಲ್ಲದೆ ಲಾರಿ ರಸ್ತೆಗಿಳಿದದ್ದುಂಟೇ? ಆದರೆ ಲಾರಿ ನನ್ನ ಹೆಬ್ಬೆರಳಿನಷ್ಟಿತ್ತು. ನಿಂಬೆಹಣ್ಣು ಲಾರಿಗಿಂತ ದೊಡ್ಡದು!

ಸ್ವಲ್ಪ ಒತ್ತಿದೆ. ಲಾರಿ ಮಗುಚಿತು. ನಿಂಬೆಹಣ್ಣು ಇಳಿಜಾರಿನಲ್ಲಿ ಉರುಳಿತು. ಮೊದಲನೆಯ ಕಂಬ ಬಿತ್ತು. ಅದು ಎರಡನೆಯದನ್ನು ಕೆಡವಿತು. ಕ್ಯಾಂಟೀನಿನ ದೀಪ ಆರಿತು. ನಿಂಬೆಹಣ್ಣು ಗುಂಡಿಗೆ ಬಿದ್ದು ವಿಶ್ರಾಂತಿ ಪಡೆಯಿತು. ಪಂಪು ನಿಂತಿತು.

"ಏನ್ರೀ, ನೀರು ಏರಾಕತ್ತೈತಿ!"

ಚಮಚದಿಂದ ನೀರು ತೋಡಲು ಹೋದೆ. ಅಷ್ಟರಲ್ಲಿ ಕರ್ಪೂರದ ಹೊಗೆಗೆ ಛಾವಣಿಯ ಅಲಾರಾಂ ಕಿರುಚಿಕೊಂಡಿತು. ಟವೆಲ್ ಬೀಸಿ ಹೊಗೆ ಓಡಿಸಿದೆ. ಹೊಗೆಯ ಜೊತೆ ರೈಲೂ ಓಡಿತು, ಸೋಫಾದ ಕೆಳಗೆ!

"ಬಾಟ್ಲಿ ತೆಗೀರಿ ಮದ್ಲ!" ಎಂದು ಶಾಂತವ್ವ ಕೂಗಿದಳು. ಈ ಅಮೂಲ್ಯ ಸಲಹೆ ನನಗೆ ಹೊಳೆದಿರಲೇ ಇಲ್ಲ. ಅವಳೇ ತೆಗೆದಳು. ಇನ್ನು ಒಣಗಿಸುವುದೊಂದೇ ಬಾಕಿ ಎಂದು ಮಗಳ ತಲೆಗೂದಲು ಒಣಗಿಸುವ ಯಂತ್ರ ತಂದು ಹಚ್ಚಿದೆ. ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದ್ದ ಜಾಂಬಿಯಾದ ಕಾಡೆಲ್ಲ ಹಾರಿ ಅಡುಗೆಮನೆ ಸೇರಿತು.

ಆಗಲೇ ಬಾಗಿಲು ತೆರೆಯಿತು.

ಸಿರಿ ನೋಡಿದಳು. ನಾನು ನೆಲ ನೋಡಿದೆ. ಆ ಹುಡುಗಿ ಎಷ್ಟೋ ಸಂಜೆ ಆಟ ಬಿಟ್ಟು ಅಂಟಿಸಿದ್ದು ಅದು. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಪಕ್ಕ ಕೂತು, ಎಂದೂ ಆಡದ ಕನ್ನಡದಲ್ಲಿ ಕೇಳಿದಳು: "ಅಜ್ಜಾ, ಮೊದ್ಲು ಏನ್ ಬಿತ್ತು?"

ಹೇಳಿದೆ. ಲಾರಿ, ನಿಂಬೆಹಣ್ಣು, ಕಂಬ, ದೀಪ, ಪಂಪು. ಅವಳ ಕಣ್ಣು ಅಗಲವಾಯಿತು. ಸಂಜೆಯೆಲ್ಲ ಕಂಬ ನಿಲ್ಲಿಸಿ ವೈರು ಜೋಡಿಸಿದಳು. ನಾನು ಸೋಫಾದ ಕೆಳಗೆ ತೆವಳಿ ರೈಲು ತಂದುಕೊಟ್ಟೆ. ನಿಂಬೆಹಣ್ಣನ್ನು ಮಾತ್ರ ಅವಳು ಎಸೆಯಲಿಲ್ಲ.

ಮರುದಿನ ಶಾಲೆಯಲ್ಲಿ ತೀರ್ಪುಗಾರರ ಮುಂದೆ ಸಿರಿ ತಾನೇ ನಿಂಬೆಹಣ್ಣು ಉರುಳಿಸಿದಳು! ಕಂಬ ಬಿತ್ತು, ದೀಪ ಆರಿತು, ಪಂಪು ನಿಂತು ಗಣಿ ಮುಳುಗಿತು. ರಸ್ತೆ, ಕರೆಂಟು, ಅಡುಗೆಯಮ್ಮ, ಡ್ರೈವರ್ ಇಲ್ಲದೆ ಗಣಿ ಬರೀ ನೀರಿನ ಹೊಂಡ ಎಂದು ಅವಳು ಇಂಗ್ಲಿಷಿನಲ್ಲಿ ವಿವರಿಸಿದಳಂತೆ. ಎಲ್ಲರೂ ಬೆರಗಾದರು. ಒಬ್ಬರು ಏನೋ ಕೇಳಿದರು. ಸಿರಿ ನನ್ನ ಕಡೆ ಕೈ ತೋರಿಸಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು!

ಅದಿರಿನ ಧೂಳು ಕುಡಿದ ಹಿರಿಯ ಚಾಲಕನಿಗೆ ಕೊನೆಗೂ ಗೌರವ ಸಂದಿತು! ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದೆ.

ಮಗಳು ಅಂಗಿಯ ತುದಿ ಎಳೆದಳು. "ಅಪ್ಪಾ, ಕೂಡ್ರು."

"ಯಾಕ? ಡ್ರೈವರ್ ಅಂತ ಮರ್ಯಾದಿ ಕೊಡಾಕತ್ತಾರ."

"ಈ ಅಪಘಾತದ ಐಡಿಯಾ ಎಲ್ಲಿಂದ ಬಂತು ಅಂತ ಕೇಳಿದ್ರು. ಅದಕ್ಕ ನಿನ್ನ ತೋರ್ಸಿದ್ಲು."

ಸಿರಿ ಗೆದ್ದಳು, ಸಿಯಾಟಲ್‌ಗೂ ಹೋಗುತ್ತಾಳೆ. ಬೀದಿಗೆಲ್ಲ ಪೇಡೆ ಹಂಚಿದ್ದೇನೆ. ಗಣಿಗೆ ಸಾರಿಗೆ ಅವಳದು, ಕರೆಂಟು ಅವಳದು, ಬುತ್ತಿ ಶಾಂತವ್ವನದು. ಅಪಘಾತದ ಇಲಾಖೆ ಪೂರ್ತಿ ನನ್ನದು!